ಉಭಯ ಕುಶಲೋಪರಿ

ಮನೆಯನ್ನು ಬಿಟ್ಟು ಒಮ್ಮೆಲೇ ಹೊರಡಬೇಕಾಗಿ ಬಂದಾಗ ಮನುಷ್ಯನ ಕೈ ಯಾವ ವಸ್ತುವಿನ ಕಡೆಗೆ ಚಾಚುತ್ತದೆಂಬುದನ್ನು ಮುಂಚಿತವಾಗಿ ಹೇಳಲಾಗದು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. ಬಿಡದೆ ಸುರಿದ ಮಳೆಗೆ ನೆಲವು ನೀರು ಕುಡಿದು ಸಡಿಲವಾಗಿ, ನಮ್ಮ ಗಾಳಿಬೀಡಿನ ಆಸುಪಾಸಿನಲ್ಲಿ ತೋಟ, ಗದ್ದೆ, ಮನೆಗಳು ಬೆಟ್ಟದೊಂದಿಗೇ ಜಾರಿಹೋದವು. ನಮ್ಮ ಮನೆಯ ಹಿಂದಿನ ಬರೆಯಲ್ಲಿ ಬಿರುಕು ಕಾಣಿಸಿಕೊಂಡ ಮುಂಜಾನೆ, ಊರಿನ ತರುಣರು ಬಂದು ಕೂಡಲೇ ಹೊರಡಿರೆಂದು ಕೂಗಿದರು. ನನ್ನ ಹೆಂಡತಿ ಜಮೀನಿನ ಪತ್ರಗಳನ್ನೂ ಔಷಧಿಯ ಚೀಲವನ್ನೂ ಎರಡು ಕಂಬಳಿಗಳನ್ನೂ ಎತ್ತಿಕೊಂಡಳು. ನಾನು ಅಟ್ಟಕ್ಕೆ ಹತ್ತಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಇಳಿಸಿಕೊಂಡು ಬಂದೆ. “ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ನಿಮಗೆ ಈ ತುಕ್ಕು ಹಿಡಿದ ಡಬ್ಬಿಯೇ ಬೇಕಾಯಿತೆ?” ಎಂದು ಅವಳು ಗದರಿದಳು. ಉತ್ತರ ಕೊಡಲು ಆಗ ಸಮಯವಿರಲಿಲ್ಲ. ಈಗ ಕೊಡುತ್ತಿದ್ದೇನೆ.

ಆ ಡಬ್ಬಿಯಲ್ಲಿದ್ದುದು ಕಾಗದಗಳು. ಬರೆದವರು ನನ್ನ ಚಿಕ್ಕಪ್ಪ. ಬರೆದುದು ಪಂಜಾಬಿನ ಪಠಾಣ್‌ಕೋಟ್ ವಾಯುನೆಲೆಯಿಂದ. ಬರೆದುದು ಯಾರಿಗೆಂದರೆ ಓದುಬರಹ ಬಾರದ ನನ್ನ ಅಜ್ಜಿಗೆ. ಅವುಗಳನ್ನು ಓದಿ ಹೇಳುತ್ತಿದ್ದವನು ನಾನು. 1971ರ ಯುದ್ಧದ ಕಾಲದಲ್ಲಿ ನನಗೆ ಹನ್ನೊಂದು ವರ್ಷ.

ಗಾಳಿಬೀಡು ಮಡಿಕೇರಿಗೆ ಸಮೀಪದ ಊರು. ಗಾಳಿಯು ಬೀಡುಬಿಟ್ಟ ಸ್ಥಳವೆಂಬುದನ್ನು ಅದರ ಹೆಸರೇ ಸಾರುತ್ತದೆ. ಮಳೆಗಾಲದಲ್ಲಿ ಮಾಂದಲ್‌ಪಟ್ಟಿಯ ಬೆಟ್ಟಗಳ ಮೇಲಿನಿಂದ ಬೀಸುವ ಗಾಳಿಗೆ ಕೊಡೆ ಬಿಚ್ಚಿದರೆ ಅದು ನಮ್ಮ ಕೈಯಲ್ಲಿ ಉಳಿಯುವುದು ಸಂಶಯ. ಇಂತಹ ಊರಿನಲ್ಲಿ ಹುಟ್ಟಿದ ನನ್ನ ಚಿಕ್ಕಪ್ಪ ಗಾಳಿಯಲ್ಲಿ ಹಾರುವ ವಿಮಾನಗಳ ಸಹವಾಸಕ್ಕೆ ಹೋದುದು ಸಹಜವೆಂದು ಊರವರು ನಗೆಯಾಡುತ್ತಿದ್ದರು. ಆದರೆ ಅವರು ವಿಮಾನ ಹಾರಿಸುವವರಾಗಿರಲಿಲ್ಲ. ಮದರಾಸಿನ ಬಳಿಯ ತಾಂಬರಂನಲ್ಲಿ ತರಬೇತಿ ಪಡೆದು ಅವರು ವಾಯುಸೇನೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದರು. ಈ ಮಾತನ್ನು ನಾನು ಶಾಲೆಯಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರ ಹೆಸರುಗಳನ್ನು ಮನೆಮಾತಿನಂತೆ ಆಡುವ ಜಿಲ್ಲೆಯಲ್ಲಿ, ನಮ್ಮ ಚಿಕ್ಕಪ್ಪ ಸ್ಪ್ಯಾನರ್ ಹಿಡಿಯುತ್ತಾರೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು.

ಕೊಡಗಿಗೆ ರೈಲಿಲ್ಲ. ಪಂಜಾಬಿನಿಂದ ಹೊರಟ ಕಾಗದ ರೈಲಿನಲ್ಲಿ ಮೈಸೂರು ಮುಟ್ಟಿ, ಅಲ್ಲಿಂದ ಬಸ್ಸು ಹತ್ತಿ ಮಡಿಕೇರಿಗೆ ಬಂದು, ಕೊನೆಗೆ ಅಂಚೆಯವನ ಚೀಲದಲ್ಲಿ ನಮ್ಮ ಅಂಗಳಕ್ಕೆ ಇಳಿಯಬೇಕಾದರೆ ವಾರವಾದರೂ ಆಗುತ್ತಿತ್ತು. ಬಂದ ಕಾಗದವನ್ನು ಅಪ್ಪ ಮೊದಲು ಕಣ್ಣಿನಲ್ಲೇ ಓದಿ ಮುಗಿಸಿ, “ಎಲ್ಲ ಸೌಖ್ಯವಂತೆ” ಎಂದು ಒಂದೇ ಮಾತಿನಲ್ಲಿ ಹೇಳಿ ತೋಟಕ್ಕೆ ಹೋಗಿಬಿಡುವರು. ಅಜ್ಜಿಗೆ ಅದರಿಂದ ತೃಪ್ತಿಯಿಲ್ಲ. ಎರಡು ಪುಟ ತುಂಬ ಬರೆದುದನ್ನು ಎರಡು ಪದಗಳಲ್ಲಿ ಹೇಳಿದರೆ ಉಳಿದ ಪದಗಳೆಲ್ಲ ಎಲ್ಲಿ ಹೋದವೆಂಬುದು ಅವರ ನ್ಯಾಯವಾದ ಪ್ರಶ್ನೆ. ಹಾಗಾಗಿ ನಾನು ಶಾಲೆಯಿಂದ ಬಂದ ಮೇಲೆ ಕಾಗದದ ನಿಜವಾದ ಓದು ಆರಂಭವಾಗುತ್ತಿತ್ತು.

ಆ ಓದಿನಲ್ಲಿ ಒಂದು ವಿಶೇಷವಿತ್ತು. ನಮ್ಮ ಮನೆಯ ಮಾತು ಅರೆಭಾಷೆ. ಚಿಕ್ಕಪ್ಪನ ಕಾಗದದ ಮಾತಾದರೋ ಶಾಲೆಯಲ್ಲಿ ಕಲಿತ ಗ್ರಾಂಥಿಕ ಕನ್ನಡ. “ಪೂಜ್ಯ ಮಾತೃಶ್ರೀಯವರ ಪಾದಗಳಿಗೆ ನಿಮ್ಮ ಮಗನು ಮಾಡುವ ಅನಂತ ನಮಸ್ಕಾರಗಳು. ಉಭಯ ಕುಶಲೋಪರಿ” ಎಂದೇ ಪ್ರತಿ ಕಾಗದವೂ ಮೊದಲಾಗುತ್ತಿತ್ತು. ನಾನು ಒಂದೊಂದು ವಾಕ್ಯವನ್ನು ಓದಿ, ಅದನ್ನು ಮನೆಯ ಮಾತಿಗೆ ತಿರುಗಿಸಿ ಹೇಳಬೇಕು. ‘ಉಭಯ ಕುಶಲೋಪರಿ’ ಎಂದರೇನೆಂದು ಅಜ್ಜಿ ಮೊದಲ ಸಲ ಕೇಳಿದಾಗ ನನಗೂ ತಿಳಿಯದೆ ಗುರುಗಳನ್ನು ಕೇಳಿಕೊಂಡು ಬಂದೆ. “ಎರಡು ಕಡೆಯವರೂ ಕ್ಷೇಮವಾಗಿದ್ದಾರೆ, ಮುಂದಿನ ಮಾತು ಆಮೇಲೆ ಎಂದು ಅರ್ಥವಂತೆ” ಎಂದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ನಾವು ಕ್ಷೇಮವಾಗಿದ್ದೇವೆಂದು ಅವನಿಗೆ ಅಲ್ಲಿ ಕುಳಿತು ಹೇಗೆ ಗೊತ್ತು?” ಎಂದರು. ಅದಕ್ಕೆ ಗುರುಗಳಲ್ಲೂ ಉತ್ತರವಿದ್ದಂತೆ ಕಾಣಲಿಲ್ಲ.

ಓದು ಮುಗಿದ ಮೇಲೆ ಅಜ್ಜಿ ಕಾಗದವನ್ನು ತಾವೇ ಕೈಗೆ ತೆಗೆದುಕೊಳ್ಳುವರು. ಅಕ್ಷರ ಬಾರದಿದ್ದರೂ ಅದನ್ನು ಕಣ್ಣಿನ ಹತ್ತಿರ ಹಿಡಿದು, ಸಾಲುಗಳ ಮೇಲೆ ಬೆರಳಾಡಿಸಿ ನೋಡುವರು. ಸಾಲು ನೇರವಾಗಿದ್ದರೆ ಮಗ ಆರೋಗ್ಯವಾಗಿದ್ದಾನೆ, ಓರೆಯಾಗಿದ್ದರೆ ಆಯಾಸಗೊಂಡಿದ್ದಾನೆ, ಅಕ್ಷರಗಳ ನಡುವೆ ಜಾಗ ಹೆಚ್ಚಿದ್ದರೆ ಅವನಿಗೆ ಮನೆಯ ನೆನಪಾಗಿದೆ. ಇದು ಅವರ ವ್ಯಾಕರಣ. ನಾನು ಅದನ್ನು ಕಂಡು ಒಳಗೊಳಗೇ ನಗುತ್ತಿದ್ದೆ. ಓದು ಬಲ್ಲವನು ನಾನು, ಬಾರದವರು ಅವರು ಎಂಬ ಹೆಮ್ಮೆ ನನಗೆ.

1971ರ ವರ್ಷ ಹಾಗೆ ನಗುವ ವರ್ಷವಾಗಿ ಉಳಿಯಲಿಲ್ಲ. ಈಗಿನ ಬಾಂಗ್ಲಾದೇಶ ಆಗ ಪೂರ್ವ ಪಾಕಿಸ್ತಾನವಾಗಿತ್ತು. ಚುನಾವಣೆಯಲ್ಲಿ ಗೆದ್ದವರಿಗೆ ಅಧಿಕಾರ ಕೊಡದೆ, ಆ ವರ್ಷದ ಮಾರ್ಚ್ 25ರ ರಾತ್ರಿ ಅಲ್ಲಿಯ ಜನರ ಮೇಲೆ ಸೈನ್ಯವನ್ನು ನುಗ್ಗಿಸಲಾಯಿತು. ಪ್ರಾಣಭಯದಿಂದ ಗಡಿದಾಟಿ ಭಾರತಕ್ಕೆ ಬಂದವರ ಸಂಖ್ಯೆ ಸುಮಾರು ಒಂದು ಕೋಟಿಯಷ್ಟಾಯಿತು. ಆ ದೂರದ ದುಃಖ ನಮ್ಮ ಊರನ್ನು ಮುಟ್ಟಿದುದು ಐದು ಪೈಸೆಯ ಒಂದು ಅಂಚೆಚೀಟಿಯ ರೂಪದಲ್ಲಿ. ನವೆಂಬರ್ 15ರಿಂದ ನಿರಾಶ್ರಿತರ ನೆರವಿಗಾಗಿ ಲಕೋಟೆಗಳ ಮೇಲೆ ಐದು ಪೈಸೆಯ ಇನ್ನೊಂದು ಚೀಟಿಯನ್ನು ಅಂಟಿಸಬೇಕಾಯಿತು. ಏಕೆಂದು ತಿಳಿಸಿ ಹೇಳಿದಾಗ ಅಜ್ಜಿ, “ಮನೆ ಬಿಟ್ಟು ಬಂದವರಿಗೆ ತಾನೇ, ಅಂಟಿಸು” ಎಂದರು.

ಅದೇ ದಿನಗಳಲ್ಲಿ ಚಿಕ್ಕಪ್ಪನ ವಿಳಾಸವೂ ಬದಲಾಯಿತು. ಪಠಾಣ್‌ಕೋಟ್ ಎಂಬ ಹೆಸರು ಹೋಗಿ, ಅವರ ಸಂಖ್ಯೆ, ಹೆಸರು, ದಳದ ಕೆಳಗೆ ‘56 ಎ.ಪಿ.ಓ.’ ಎಂದಷ್ಟೇ ಬರೆಯಬೇಕೆಂಬ ಸೂಚನೆ ಬಂದಿತು. “ಐವತ್ತಾರು ಎಂಬುದು ಯಾವ ಊರು? ಅಲ್ಲಿ ಚಳಿ ಹೆಚ್ಚೇ?” ಎಂದು ಅಜ್ಜಿ ಕೇಳಿದರು. ಅದು ಊರಲ್ಲ, ಸೇನೆಯ ಅಂಚೆಯ ಗುರುತು. ಆ ಗುರುತಿನ ಕಾಗದಗಳೆಲ್ಲ ಮೊದಲು ದೆಹಲಿಯಲ್ಲಿರುವ ಸೇನೆಯ ಅಂಚೆಕೇಂದ್ರಕ್ಕೆ ಹೋಗುತ್ತವೆ. ಯಾವ ದಳ ಎಲ್ಲಿದೆ ಎಂಬುದನ್ನು ಬಲ್ಲವರು ಅಲ್ಲಿ ಅವುಗಳನ್ನು ವಿಂಗಡಿಸಿ ಮುಂದಕ್ಕೆ ಕಳುಹಿಸುತ್ತಾರೆ. ಶತ್ರುವಿನ ಕೈಗೆ ಕಾಗದ ಸಿಕ್ಕಿದರೂ ಸೈನಿಕನಿರುವ ಸ್ಥಳ ತಿಳಿಯಬಾರದೆಂಬುದು ಇದರ ಉದ್ದೇಶ. ಅದೇ ಕಾರಣದಿಂದ ಸೈನಿಕರು ತಾವಿರುವ ಊರು, ಮಾಡುವ ಕೆಲಸ, ಕಂಡ ವಿಮಾನ ಯಾವುದನ್ನೂ ಬರೆಯುವಂತಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದುದು. ಆಗ ನನಗೆ ತೋರಿದುದು ಇಷ್ಟೇ: ಚಿಕ್ಕಪ್ಪ ಒಂದು ಸಂಖ್ಯೆಯ ಹಿಂದೆ ಮರೆಯಾದರು.

ಯುದ್ಧವೆಂದರೆ ಏನೆಂಬುದನ್ನು ಕೊಡಗಿನ ಹಿರಿಯರು ಆರು ವರ್ಷಗಳ ಹಿಂದೆಯೇ ಕಂಡಿದ್ದರು. 1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರ ನೆಲೆಯಿಂದ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೋದ ವಿಮಾನಗಳಲ್ಲಿ ನಮ್ಮ ಜಿಲ್ಲೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ವಿಮಾನವೂ ಇತ್ತು. ಅದು ಹಿಂದಿರುಗಲಿಲ್ಲ. ತಮ್ಮ ಮಿಸ್ಟೀರ್ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನದೊಡನೆ ಅವರು ಒಬ್ಬರೇ ಸೆಣಸಿ, ಅದನ್ನು ಉರುಳಿಸಿ ತಾವೂ ಮಡಿದರೆಂಬ ಸಂಗತಿ ಹೊರಗೆ ಬರಲು ಎಷ್ಟೋ ವರ್ಷಗಳು ಹಿಡಿದವು. ಅವರಿಗೆ ಮಹಾವೀರ ಚಕ್ರ ಪ್ರಶಸ್ತಿ ದೊರೆತುದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಅನಂತರ. ಅದನ್ನು ಸ್ವೀಕರಿಸಿದವರು ಅವರ ಪತ್ನಿ. ಇಂದು ಮಡಿಕೇರಿಯ ವೃತ್ತವೊಂದಕ್ಕೆ ಅವರ ಹೆಸರಿದೆ. ಆದರೆ 1971ರಲ್ಲಿ ಅವರು ಹೇಗೆ ಮಡಿದರೆಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಅದೇ 1965ರ ಸೆಪ್ಟೆಂಬರ್ 22ರಂದು ಜನರಲ್ ಕಾರ್ಯಪ್ಪನವರ ಮಗನ ಹಂಟರ್ ವಿಮಾನ ಉರುಳಿ, ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನರು ಆಗ ಅಲ್ಲಿಯ ಅಧ್ಯಕ್ಷರು. ಮಗನಿಗೆ ವಿಶೇಷ ಸೌಕರ್ಯ ಕೊಡುವ ಮಾತು ಬಂದಾಗ ಕಾರ್ಯಪ್ಪನವರು ಒಪ್ಪದೆ, ಸೆರೆಯಲ್ಲಿರುವ ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಬೇಕೆಂದರು. ಈ ಎರಡು ಸುದ್ದಿಗಳನ್ನೂ ಅಜ್ಜಿ ಬಲ್ಲರು. ಆದುದರಿಂದ ಕಾಗದ ತರುವ ಅಂಚೆಯವನನ್ನು ಕಂಡರೆ ಎಷ್ಟು ಸಂತೋಷವೋ, ಹೊತ್ತಲ್ಲದ ಹೊತ್ತಿನಲ್ಲಿ ಅವನು ಅಂಗಳಕ್ಕೆ ಬಂದರೆ ಅವರಿಗೆ ಅಷ್ಟೇ ಭಯ. ಹೊತ್ತಲ್ಲದ ಹೊತ್ತಿನಲ್ಲಿ ಬರುವುದು ತಂತಿ.

ಆ ವರ್ಷದ ಡಿಸೆಂಬರ್ 2 ಹುಣ್ಣಿಮೆ. ಹೊಸ ಬತ್ತದ ಕದಿರನ್ನು ಮನೆಗೆ ತರುವ ಹುತ್ತರಿಯ ಸಂಭ್ರಮದ ಕಾಲ. ಬೆಳದಿಂಗಳಿನಲ್ಲಿ ಗದ್ದೆಗೆ ನಡೆದು, ಕೋವಿಯಿಂದ ಒಂದು ಗುಂಡು ಹಾರಿಸಿ, ಕದಿರು ಕೊಯ್ದು, ಹೊಸ ಅಕ್ಕಿಯ ಪಾಯಸ ಉಂಡೆವು. ಅದರ ಮರುದಿನ, ಡಿಸೆಂಬರ್ 3ರ ಸಂಜೆ ಸುಮಾರು ಐದೂಮುಕ್ಕಾಲು ಗಂಟೆಗೆ, ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಅಮೃತಸರ, ಶ್ರೀನಗರ ಮೊದಲಾದ ನೆಲೆಗಳ ಮೇಲೆ ಬಾಂಬು ಸುರಿದವು. ದಾಳಿ ಆ ರಾತ್ರಿಯೂ ಮುಂದುವರಿಯಿತು. ನಡುರಾತ್ರಿ ಪ್ರಧಾನಿ ಇಂದಿರಾ ಗಾಂಧಿಯವರು ಆಕಾಶವಾಣಿಯಲ್ಲಿ ಮಾತನಾಡಿ, ದೇಶವು ಯುದ್ಧವನ್ನು ಎದುರಿಸಬೇಕಾಗಿದೆ ಎಂದು ತಿಳಿಸಿದರು. ಮರುದಿನ ಬೆಳಗ್ಗೆ ಊರಿನ ಅಂಗಡಿಯ ರೇಡಿಯೋ ಮುಂದೆ ನೆರೆದವರ ನಡುವೆ ನಿಂತು ‘ಪಠಾಣ್‌ಕೋಟ್’ ಎಂಬ ಹೆಸರನ್ನು ನಾನೂ ಕೇಳಿದೆ. ಅಜ್ಜಿಗೆ ಹೇಳಬಾರದೆಂದು ಅಪ್ಪ ಕಣ್ಣಿನಲ್ಲೇ ಸೂಚಿಸಿದರು. ನಾವು ಮನೆಗೆ ಬರುವಷ್ಟರಲ್ಲಿ ಅಜ್ಜಿ ದೇವರ ಮುಂದೆ ದೀಪ ಹಚ್ಚಿಟ್ಟು ಕುಳಿತಿದ್ದರು. ಯಾರು ಹೇಳಿದರೋ ತಿಳಿಯದು.

ಹದಿಮೂರು ದಿನಗಳ ಆ ಯುದ್ಧದಲ್ಲಿ ನಮ್ಮ ಮನೆಗೆ ಬಂದುದು ಎರಡೇ ಕಾಗದ. ಮೊದಲನೆಯದು ಬರುವವರೆಗೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ. ಅದು ಬಂದಾಗ ಅಪ್ಪನೂ ತೋಟಕ್ಕೆ ಹೋಗದೆ ಜಗಲಿಯಲ್ಲಿ ಕುಳಿತರು. ನಾನು ನಡುಗುವ ದನಿಯಲ್ಲಿ ಓದಿದೆ:

“ಉಭಯ ಕುಶಲೋಪರಿ. ನಾನು ಕ್ಷೇಮವಾಗಿದ್ದೇನೆ. ಚಳಿ ಬಹಳ. ನೀವು ಕಳುಹಿಸಿದ ಸ್ವೆಟರನ್ನು ಹಾಕಿಕೊಳ್ಳುತ್ತಿದ್ದೇನೆ. ಕೆಲಸ ಸ್ವಲ್ಪ ಹೆಚ್ಚಾಗಿದೆ. ಹುತ್ತರಿಯ ಹೊತ್ತಿನಲ್ಲಿ ನಿಮ್ಮೆಲ್ಲರ ನೆನಪಾಯಿತು. ಚಂದ್ರನು ಚೆನ್ನಾಗಿ ಬೆಳಗುತ್ತಿದ್ದನು. ಕೆಂದ ಹಸು ಕರು ಹಾಕಿತೇ? ಏಲಕ್ಕಿ ಒಣಗಿತೇ? ಅಣ್ಣನಿಗೆ ನಮಸ್ಕಾರ. ಮಗುವಿಗೆ ಚೆನ್ನಾಗಿ ಓದಲು ಹೇಳಿರಿ.”

ಇಷ್ಟೇ! ನನಗಾದ ನಿರಾಸೆಯನ್ನು ಹೇಗೆ ಹೇಳಲಿ? ಇಡೀ ದೇಶ ಯುದ್ಧದ ಮಾತನಾಡುತ್ತಿರುವಾಗ ಯುದ್ಧದ ಬಾಯಿಯಲ್ಲೇ ಇದ್ದ ನನ್ನ ಚಿಕ್ಕಪ್ಪ ಹಸುವನ್ನೂ ಏಲಕ್ಕಿಯನ್ನೂ ವಿಚಾರಿಸುತ್ತಾರೆ. ಅಜ್ಜಿ ಕಾಗದವನ್ನು ಕೈಗೆ ತೆಗೆದುಕೊಂಡರು. ಸಾಲುಗಳು ಓರೆಯಾಗಿದ್ದವು. ಅಂಚಿನಲ್ಲಿ ಹೆಬ್ಬೆರಳಿನ ಗುರುತಿನಂತೆ ಎಣ್ಣೆಯ ಕಲೆಯೊಂದಿತ್ತು. ಅಜ್ಜಿ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. “ಕೈ ತೊಳೆಯುವುದಕ್ಕೂ ಪುರುಸೊತ್ತಿಲ್ಲ ಅವನಿಗೆ” ಎಂದರು.

ಮರುದಿನ ಶಾಲೆಯಲ್ಲಿ ಗುರುಗಳು, ನಿನ್ನ ಚಿಕ್ಕಪ್ಪನ ಕಾಗದ ಬಂದಿದೆಯಂತೆ, ತರಗತಿಗೆ ಓದಿ ಹೇಳು ಎಂದರು. ಕಾಗದ ನನ್ನ ಜೇಬಿನಲ್ಲೇ ಇತ್ತು. ನಲವತ್ತು ಜೊತೆ ಕಣ್ಣುಗಳು ನನ್ನ ಮೇಲೆ ನೆಟ್ಟಿದ್ದವು. ಕೆಂದ ಹಸುವಿನ ಕರುವಿನ ವಿಷಯವನ್ನು ಅವರ ಮುಂದೆ ಓದುವುದು ಹೇಗೆ? ನಾನು ಕಾಗದವನ್ನು ಬಿಡಿಸಿ ಹಿಡಿದು, ಅದರಲ್ಲಿಲ್ಲದುದನ್ನು ಓದಿದೆ. ಬೆಳದಿಂಗಳಿನಲ್ಲಿ ಶತ್ರುವಿಮಾನ ಬಂದಿತೆಂದೂ, ಎಲ್ಲರೂ ಕಂದಕದಲ್ಲಿ ಅಡಗಿದಾಗ ಚಿಕ್ಕಪ್ಪ ಒಬ್ಬರೇ ಫಿರಂಗಿಯ ಹತ್ತಿರ ನಿಂತು ಅದನ್ನು ಉರುಳಿಸಿದರೆಂದೂ ಓದಿದೆ. ತರಗತಿ ಚಪ್ಪಾಳೆ ತಟ್ಟಿತು. ಗುರುಗಳು ನನ್ನ ಬೆನ್ನು ತಟ್ಟಿದರು.

ಸುಳ್ಳಿಗೆ ಗಾಳಿಬೀಡಿನ ಗಾಳಿಗಿಂತ ಹೆಚ್ಚು ವೇಗ. ಎರಡು ದಿನಗಳಲ್ಲಿ ಅದು ಕಾಫಿ ಕೊಯ್ಲಿನ ಹೆಂಗಸರ ಬಾಯಿಗೆ ಬಂದು, ಅಲ್ಲಿಂದ ಪಕ್ಕದ ಊರು ಮುಟ್ಟಿತು. ಮೂರನೆಯ ದಿನ ಸಂಜೆ ಒಬ್ಬ ತಾಯಿ ನಮ್ಮ ಮನೆಯನ್ನು ಹುಡುಕಿಕೊಂಡು ಬಂದರು. ಅವರ ಮಗ ಭೂಸೇನೆಯಲ್ಲಿದ್ದವನು. ಯುದ್ಧ ಮೊದಲಾದ ಮೇಲೆ ಅವನಿಂದ ಕಾಗದವಿಲ್ಲ. “ನಿಮ್ಮ ಮಗ ಯುದ್ಧದ ವಿಷಯವನ್ನೆಲ್ಲ ಬಿಡಿಸಿ ಬರೆದಿದ್ದಾನಂತೆ. ಅದರಲ್ಲಿ ನಮ್ಮವನ ಸುದ್ದಿ ಏನಾದರೂ ಇರಬಹುದೇ? ಮಗುವಿನ ಕೈಯಲ್ಲಿ ಇನ್ನೊಮ್ಮೆ ಓದಿಸಿ” ಎಂದು ಅವರು ಅಜ್ಜಿಯನ್ನು ಬೇಡಿದರು. ಬೆಟ್ಟದ ದಾರಿಯಲ್ಲಿ ನಡೆದು ಬಂದ ಅವರ ಕಾಲುಗಳು ಮಣ್ಣಾಗಿದ್ದವು.

ಅಜ್ಜಿ ನನ್ನನ್ನು ನೋಡಿದರು. ನಾನು ಕಾಗದವನ್ನು ತಂದು ಅವರಿಬ್ಬರ ನಡುವೆ ನಿಂತೆ. ತರಗತಿಯಲ್ಲಿ ಅಷ್ಟು ಸುಲಭವಾಗಿ ಬಂದ ಸುಳ್ಳು ಆಗ ನಾಲಗೆಗೆ ಬರಲಿಲ್ಲ. ಹಸು, ಏಲಕ್ಕಿ, ಸ್ವೆಟರ್, ಚಂದ್ರ ಎಂದು ಇದ್ದುದನ್ನೇ ಓದಿದೆ. ಆ ತಾಯಿ ಮುಗಿಯುವವರೆಗೂ ಕಾದಿದ್ದು, “ಇಷ್ಟೆಯೇ?” ಎಂದರು. “ಇಷ್ಟೇ” ಎಂದೆ. ಅವರು ಒಂದು ಮಾತನ್ನೂ ಆಡದೆ ಎದ್ದರು. ಅಜ್ಜಿ ಅವರನ್ನು ಕೂರಿಸಿ, ಕಾಫಿ ಕೊಟ್ಟು, ತೋಟದ ಗಡಿಯವರೆಗೆ ಹೋಗಿ ಬೀಳ್ಕೊಟ್ಟು ಬಂದರು.

ಬೈಗುಳಕ್ಕೆ ಸಿದ್ಧನಾಗಿ ನಾನು ಮೂಲೆಯಲ್ಲಿ ನಿಂತಿದ್ದೆ. ಅಜ್ಜಿ ಬೈಯಲಿಲ್ಲ. “ಅವನು ಬರೆಯದ ಮಾತನ್ನು ನೀನು ಯಾಕೆ ಓದಿದೆ ಮಗ? ಬರೆಯಬೇಕೆಂದು ತೋರಿದ್ದರೆ ಅವನೇ ಬರೆಯುತ್ತಿರಲಿಲ್ಲವೇ?” ಎಂದರು, ಅಷ್ಟೇ. ಅಕ್ಷರ ಬಲ್ಲವನೆಂಬ ನನ್ನ ಹೆಮ್ಮೆ ಆ ಸಂಜೆ ಕರಗಿತು. ಮರುದಿನ ಗುರುಗಳಲ್ಲಿ ನಿಜವನ್ನು ಒಪ್ಪಿಕೊಂಡೆ. ಆ ತಾಯಿಗೆ ಮಗನ ಕಾಗದ ತಿಂಗಳ ಕೊನೆಗೆ ಬಂದಿತೆಂದು ಕೇಳಿದ ದಿನ ನಾನು ಬಹಳ ಹೊತ್ತು ನಿದ್ದೆ ಮಾಡಲಿಲ್ಲ.

ಚಿಕ್ಕಪ್ಪನ ಎರಡನೆಯ ಕಾಗದ ಇನ್ನೂ ಚಿಕ್ಕದು. ಕ್ಷೇಮಸಮಾಚಾರದ ನಡುವೆ ಒಂದು ವಾಕ್ಯ: “ನಿನ್ನೆ ನನಗೆ ಊಟ ಸೇರಲಿಲ್ಲ.” ಪಂಜಾಬಿನ ರೊಟ್ಟಿ ನಮ್ಮವರಿಗೆ ಒಗ್ಗದೆಂದು ನಾನು ತೀರ್ಮಾನಿಸಿದೆ. ಜೀರಿಗೆ, ಕಾಳುಮೆಣಸಿನ ಕಷಾಯ ಮಾಡಿಕೊಂಡು ಕುಡಿಯಲು ಬರೆಯೋಣವೇ ಎಂದು ಕೇಳಿದೆ. ಅಜ್ಜಿ ಆ ವಾಕ್ಯವನ್ನು ಮತ್ತೊಮ್ಮೆ ಓದಿಸಿ, “ಕಷಾಯ ಬೇಡ. ರಾತ್ರಿ ಮಲಗುವಾಗ ದೇವರನ್ನು ನೆನೆಯಲು ಬರೆ” ಎಂದರು.

ಆ ಉತ್ತರವನ್ನು ಬರೆಯುವಾಗ ಅಜ್ಜಿ ಹಾಸಿಗೆ ಹಿಡಿದಿದ್ದರು. ಜ್ವರ ನಾಲ್ಕು ದಿನಗಳಿಂದ ಇಳಿದಿರಲಿಲ್ಲ. ಕೆಮ್ಮು ಬಂದರೆ ಎದ್ದು ಕೂರಲಾರರು. ಮಡಿಕೇರಿಯಿಂದ ವೈದ್ಯರನ್ನು ಕರೆತರಲು ಅಪ್ಪ ಹೋಗಿದ್ದರು. ಗೋಡೆಗೆ ಒರಗಿ, ಮಾತಿಗೊಮ್ಮೆ ಉಸಿರು ತೆಗೆದುಕೊಂಡು ಅಜ್ಜಿ ಹೇಳಿದರು: “ಉಭಯ ಕುಶಲೋಪರಿ ಎಂದು ಬರೆ. ಇಲ್ಲಿ ಎಲ್ಲರೂ ಸೌಖ್ಯ ಎಂದು ಬರೆ. ಹಸು ಹೆಣ್ಣುಗರು ಹಾಕಿದೆ ಎಂದು ಬರೆ.” ನಾನು ಲೇಖನಿ ನಿಲ್ಲಿಸಿ, “ನಿಮಗೆ ಜ್ವರವೆಂದು ಬರೆಯಬೇಡವೇ ಅಜ್ಜಿ? ಇಲ್ಲದುದನ್ನು ಹೇಳಬಾರದೆಂದು ನೀವೇ ಹೇಳಿದಿರಲ್ಲ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅವನ ಕೈಯಲ್ಲಿ ಎಷ್ಟೋ ಜನರ ಮಕ್ಕಳ ಪ್ರಾಣವಿದೆ. ಒಂದು ತಿರುಪು ಸಡಿಲವಾಗಿ ಉಳಿದರೆ ಏನಾದೀತು? ಅವನ ಮನಸ್ಸು ಇಲ್ಲಿರಬಾರದು. ನೀನು ಚಪ್ಪಾಳೆಗಾಗಿ ಹೇಳಿದೆ ಮಗ. ಇದು ಬೇರೆ” ಎಂದರು. ನಾನು ಬರೆದೆ. ಚಿಕ್ಕಪ್ಪ ಅಲ್ಲಿ ಏನನ್ನೋ ಬಚ್ಚಿಟ್ಟು ಕ್ಷೇಮವೆಂದು ಬರೆಯುತ್ತಾರೆ. ಅಜ್ಜಿ ಇಲ್ಲಿ ಜ್ವರವನ್ನು ಬಚ್ಚಿಟ್ಟು ಕ್ಷೇಮವೆಂದು ಬರೆಸುತ್ತಾರೆ. ಎರಡು ಕಡೆಯ ಕಾಗದಗಳೂ ನನ್ನ ಕೈಯಿಂದಲೇ ಹಾದುಹೋಗುತ್ತಿದ್ದವು.

ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಗತವಾಯಿತು. ಮರುದಿನ ಪಶ್ಚಿಮದ ಗಡಿಯಲ್ಲೂ ಕದನ ನಿಂತಿತು. ಅಜ್ಜಿಯ ಜ್ವರವೂ ಹೊಸ ವರ್ಷದ ಹೊತ್ತಿಗೆ ಇಳಿಯಿತು.

1972ರ ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮೊದಲು, ಚಿಕ್ಕಪ್ಪ ರಜೆಯ ಮೇಲೆ ಬಂದರು. ಯುದ್ಧದ ಕಥೆ ಹೇಳಿರೆಂದು ಊರ ಹುಡುಗರು ಅವರನ್ನು ಮುತ್ತಿದರೆ, ಅಲ್ಲಿ ಚಳಿ ಬಹಳ ಎನ್ನುವರು. ಒಂದು ಸಂಜೆ ಗದ್ದೆಯ ಬದುವಿನ ಮೇಲೆ ನಾವಿಬ್ಬರೇ ಕುಳಿತಿದ್ದಾಗ ಅವರು ತಾವಾಗಿಯೇ ಸ್ವಲ್ಪ ಹೇಳಿದರು. 1965ರಲ್ಲಿ ಅದೇ ಪಠಾಣ್‌ಕೋಟಿನಲ್ಲಿ ಬಯಲಿನಲ್ಲಿ ನಿಂತಿದ್ದ ಹಲವು ವಿಮಾನಗಳು ಶತ್ರುಗಳ ದಾಳಿಗೆ ಸುಟ್ಟುಹೋಗಿದ್ದವಂತೆ. ಆ ಪಾಠದಿಂದ ಈ ಬಾರಿ ವಿಮಾನಗಳನ್ನು ಬಿಡಿಬಿಡಿಯಾಗಿ, ಗಟ್ಟಿ ಗೋಡೆಗಳ ಮರೆಯಲ್ಲಿ ನಿಲ್ಲಿಸಿದ್ದರು. ಬಾಂಬುಗಳು ಓಡುದಾರಿಯನ್ನು ಅಗೆದವು. ಹಳ್ಳಗಳನ್ನು ರಾತ್ರಿಯೇ ಮುಚ್ಚಿದರು. ಹುತ್ತರಿಯ ಚಂದ್ರ ಅಂದು ಶತ್ರುಗಳಿಗೂ ದಾರಿ ತೋರುವಷ್ಟು ಬೆಳಗುತ್ತಿದ್ದನು. ದೀಪ ಆರಿಸಿ ಕತ್ತಲು ಮಾಡಬಹುದು, ಚಂದ್ರನನ್ನು ಆರಿ‌ಸುವುದು ಹೇಗೆ? ಆ ಬೆಳಕಿನಲ್ಲೇ, ಟಾರ್ಚಿಗೆ ಬಟ್ಟೆ ಸುತ್ತಿಕೊಂಡು, ಮೂರು ರಾತ್ರಿ ನಿದ್ದೆಯಿಲ್ಲದೆ ಎಂಜಿನ್‌ಗಳನ್ನು ಪರೀಕ್ಷಿಸಿದರು. ‘ಕೆಲಸ ಸ್ವಲ್ಪ ಹೆಚ್ಚಾಗಿದೆ’ ಎಂಬುದರ ಅರ್ಥ ಇದು.

“ಹಂಟರ್ ವಿಮಾನದಲ್ಲಿ ಕೂರುವವನು ಒಬ್ಬನೇ” ಎಂದರು ಚಿಕ್ಕಪ್ಪ. “ಆದರೆ ಅದನ್ನು ಮೇಲಕ್ಕೆ ಕಳುಹಿಸಲು ನೆಲದ ಮೇಲೆ ಹತ್ತಾರು ಕೈಗಳು ಬೇಕು. ಇಂಧನ ತುಂಬುವವನೊಬ್ಬ, ಗುಂಡು ತುಂಬುವವನೊಬ್ಬ, ಎಂಜಿನ್ ನೋಡುವವನೊಬ್ಬ. ಹೊರಡುವಾಗ ನಾವು ವಿಮಾನಗಳನ್ನು ಎಣಿಸುತ್ತಿದ್ದೆವು. ಹಿಂದಿರುಗುವಾಗ ಮತ್ತೆ ಎಣಿಸುತ್ತಿದ್ದೆವು. ಲೆಕ್ಕ ಸರಿಹೋದ ದಿನ ಹಬ್ಬ.”

“ಸರಿಹೋಗದ ದಿನ?” ಎಂದು ನಾನು ಕೇಳಿದೆ.

ಅವರು ಗದ್ದೆಯ ಕಡೆಗೆ ನೋಡುತ್ತ ಸುಮ್ಮನಾದರು. ಒಂದು ಮಧ್ಯಾಹ್ನ ತಾವೇ ಪಟ್ಟಿ ಬಿಗಿದು ಕೂರಿಸಿ ಕಳುಹಿಸಿದ ತರುಣ ಅಧಿಕಾರಿ ಹಿಂದಿರುಗಲಿಲ್ಲವಂತೆ. ಎಂಜಿನ್‌ನಲ್ಲಿ ತನ್ನಿಂದ ಏನಾದರೂ ಲೋಪವಾಯಿತೇ ಎಂದು ಆ ರಾತ್ರಿಯೆಲ್ಲ ಒಂದೊಂದು ತಿರುಪನ್ನೂ ಮನಸ್ಸಿನಲ್ಲಿ ಬಿಚ್ಚಿ ಮತ್ತೆ ಬಿಗಿದರಂತೆ. ಅದು ಶತ್ರುವಿನ ಗುಂಡಿಗೆ ಸಿಕ್ಕಿತೆಂದು ಜೊತೆಯಲ್ಲಿ ಹೋದವರು ಹೇಳಿದ ಮೇಲೂ ಸಮಾಧಾನವಾಗಲಿಲ್ಲವಂತೆ. ‘ನಿನ್ನೆ ನನಗೆ ಊಟ ಸೇರಲಿಲ್ಲ’ ಎಂದು ಬರೆದುದು ಅದರ ಮರುದಿನ. ನಾನು ಅದಕ್ಕೆ ಜೀರಿಗೆಯ ಕಷಾಯ ಸೂಚಿಸಿದ್ದೆ!

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಪ್ಪ ನಕ್ಕು, “ನಿಮ್ಮ ಕಾಗದವೇನು ಕಡಿಮೆಯೇ? ಅವ್ವನಿಗೆ ಕಾಯಿಲೆಯೆಂದು ನನಗೆ ಆಗಲೇ ಗೊತ್ತಾಯಿತು” ಎಂದರು. ನಾನು ಬೆರಗಾದೆ. ಯಾರು ಬರೆದರೆಂದು ಕೇಳಿದೆ. “ಯಾರೂ ಬರೆಯಲಿಲ್ಲ. ಪ್ರತಿ ಕಾಗದದಲ್ಲೂ ನನಗೆ ನಾಲ್ಕು ಸಾಲು ಬೈಗುಳವಿರುತ್ತಿತ್ತು: ಮೈಮೇಲೆ ನಿಗಾ ಇಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಮದುವೆಗೆ ಒಪ್ಪುವುದಿಲ್ಲ ಎಂದು. ಆ ಕಾಗದದಲ್ಲಿ ಬೈಗುಳವೇ ಇರಲಿಲ್ಲ. ಬೈಯುವಷ್ಟು ತ್ರಾಣ ಅವ್ವನಿಗಿಲ್ಲವೆಂದುಕೊಂಡೆ.” ಹೀಗೆ ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದರು, ಇಬ್ಬರೂ ಒಬ್ಬರನ್ನೊಬ್ಬರು ಓದಿಕೊಂಡಿದ್ದರು. ನಡುವೆ ಅಕ್ಷರಗಳನ್ನಷ್ಟೇ ಓದಿದವನು ನಾನು.

ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಕನ್ನಡ ಪಾಠ ಹೇಳಿದೆ. ಎಷ್ಟೋ ಕಾವ್ಯಗಳಿಗೆ ಅರ್ಥ ಬಿಡಿಸಿದೆ. ಆದರೆ ಬರೆದುದನ್ನು ಹೇಗೆ ಓದಬೇಕು, ಬರೆಯದುದರ ಮುಂದೆ ಹೇಗೆ ನಿಲ್ಲಬೇಕು ಎಂಬ ಪಾಠವನ್ನು ನನಗೆ ಹೇಳಿಕೊಟ್ಟವರು ಅಕ್ಷರ ಬಾರದ ಒಬ್ಬ ಅಜ್ಜಿ ಮತ್ತು ಎಣ್ಣೆಗೈಯಿನ ಒಬ್ಬ ಫಿಟ್ಟರ್. ಅವರಿಬ್ಬರೂ ಈಗಿಲ್ಲ. ಗಡಿಯಲ್ಲಿರುವ ಇಂದಿನ ಸೈನಿಕ ಮನೆಯವರೊಡನೆ ಫೋನಿನಲ್ಲಿ ಮುಖ ನೋಡಿ ಮಾತನಾಡುತ್ತಾನೆ. ಕಾಗದಕ್ಕಾಗಿ ವಾರಗಟ್ಟಲೆ ಕಾಯುವ ಕಷ್ಟ ತಪ್ಪಿದೆ, ಅದು ಒಳ್ಳೆಯದೇ.

2018ರ ಆ ಮಳೆಯ ದಿನ ನಾವು ಮಡಿಕೇರಿಯ ಪರಿಹಾರ ಕೇಂದ್ರವೊಂದನ್ನು ಸೇರಿದೆವು. ಡಬ್ಬಿಯೊಳಕ್ಕೂ ಸ್ವಲ್ಪ ನೀರು ಹೋಗಿತ್ತು. ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಕಂಬಳಿಯ ಮೇಲೆ ಹರಡಿದೆ. ಹೆಂಡತಿಯೂ ಬಂದು ಪಕ್ಕದಲ್ಲಿ ಕುಳಿತು, ಏನನ್ನೂ ಕೇಳದೆ, ಅಂಟಿಕೊಂಡ ಮಡಿಕೆಗಳನ್ನು ಬೆರಳ ತುದಿಯಿಂದ ಬಿಡಿಸತೊಡಗಿದಳು. ಐವತ್ತು ವರ್ಷಗಳಾಗುತ್ತ ಬಂದರೂ ಹೆಬ್ಬೆರಳಿನ ಎಣ್ಣೆಯ ಕಲೆ ಹಾಗೆಯೇ ಇತ್ತು. ಮನೆಯ ಹಿಂದಿನ ಬರೆ ಕುಸಿದು ಕೊಟ್ಟಿಗೆ ಮಣ್ಣಿನಡಿ ಹೋಯಿತೆಂಬ ಸುದ್ದಿ ಅದೇ ಹೊತ್ತಿಗೆ ಬಂದಿತು. ಮನೆ ಉಳಿಯುವುದೋ ಇಲ್ಲವೋ ಎಂಬುದು ಆಗ ತಿಳಿದಿರಲಿಲ್ಲ.

ಸಂಜೆ ಬೆಂಗಳೂರಿನಿಂದ ಮಗಳ ಫೋನು ಬಂದಿತು. ಅವಳು ತುಂಬು ಬಸುರಿ. “ಅಪ್ಪ, ಟಿ.ವಿ.ಯಲ್ಲಿ ಏನೇನೋ ತೋರಿಸುತ್ತಿದ್ದಾರೆ. ಅಲ್ಲಿ ಹೇಗಿದ್ದೀರಿ?” ಎಂದು ಕೇಳಿದಳು. ನಾನು ಹರಡಿದ್ದ ಕಾಗದಗಳ ಕಡೆಗೆ ನೋಡಿದೆ. “ಇಲ್ಲಿ ಎಲ್ಲರೂ ಸೌಖ್ಯ. ಮಳೆ ಸ್ವಲ್ಪ ಹೆಚ್ಚಾಗಿದೆ” ಎಂದೆ.

ಅವಳು ತುಸು ಹೊತ್ತು ಮಾತನಾಡಲಿಲ್ಲ. ಆಮೇಲೆ, “ಆಗಲಿ ಅಪ್ಪ. ಇಲ್ಲೂ ಎಲ್ಲರೂ ಸೌಖ್ಯ” ಎಂದಳು.